ಅಳಿಯ ಹಾಕಿದ ಸಿಮೆಂಟು

ಜೆನೇಸಿಯೊ ಮೇಷ್ಟ್ರಿಗೆ ತಟ್ಟೆಯ ಮುಂದೆ ಕೂತರೆ ಸಾಕು, ಯುದ್ಧ ನೆನಪಾಗುತ್ತಿತ್ತು. ಹೆಂಡತಿ ಜಸ್ಟಿನಾ ಬೇಯಿಸಿದ ಗೆಣಸು ಬಡಿಸಿ ಅದರ ಮೇಲೆ ತೆಂಗಿನ ಹಾಲಿನಲ್ಲಿ ಬೆಂದ ಸೊಪ್ಪು ಸುರಿಯುವಷ್ಟರಲ್ಲಿ ಅವನ ಬಾಯಲ್ಲಿ ಹಡಗುಗಳು ಲಂಗರು ಕಿತ್ತಿರುತ್ತಿದ್ದವು. ಅವನು ಎರಡನೇ ಮಹಾಯುದ್ಧ ಮುಗಿದ ಮೇಲೆ ಹುಟ್ಟಿದವನು. ಆದರೂ ಯಾವ ತಾರೀಖಿಗೆ ಯಾರು ಎಲ್ಲಿ ಇಳಿದರು, ಯಾವ ಮಂತ್ರಿ ಯಾರ ಕೈ ಕುಲುಕಿದ ಎಂಬುದೆಲ್ಲ ಅವನಿಗೆ ಬಾಯಿಪಾಠ. ಮನೆಯ ಪಕ್ಕ ಸೋಗೆ ಹೊದಿಸಿದ ಚಪ್ಪರ ಕಟ್ಟಿ, ಕಾಡಿನಲ್ಲಿ ಸಿಕ್ಕ ಸಿಪಾಯಿಗಳ ತುಕ್ಕು ಟೋಪಿ, ಕೋವಿಯ ನಳಿಗೆ, ವಿಮಾನದ ಒಂದು ಮುರುಕು ರೆಕ್ಕೆ ಎಲ್ಲವನ್ನೂ ಸಾಲಾಗಿ ಜೋಡಿಸಿಟ್ಟಿದ್ದ. ಹೊನಿಯಾರಾ ಪಟ್ಟಣದಿಂದ ಯಾರಾದರೂ ನೋಡಲು ಬಂದರೆ ಅವನಿಗೆ ಅಂದು ಹಬ್ಬ.

ಆ ಜನವರಿಯ ಸಂಜೆಯೂ ಹಾಗೇ ಶುರುವಾಯಿತು.

"ಜಪಾನಿನ ಹಡಗು ಬಾಂಬು ಹಾಕೋಕೆ ಹೊರಟಾಗ ವಾಷಿಂಗ್ಟನ್ನಲ್ಲಿ ಏನು ನಡೀತಿತ್ತು, ಹೇಳು ನೋಡೋಣ," ಎಂದು ಮಗಳು ಫೆಲಿಸಿಯಾಳನ್ನು ಕೇಳಿದ.

ಶಾಲೆ ಮುಗಿಸಿ ನರ್ಸಿಂಗ್ ಓದಲು ಕರೆ ಬರುವುದನ್ನು ಕಾಯುತ್ತ ಮನೆಯಲ್ಲಿದ್ದ ಹುಡುಗಿ ಅವಳು. ತಟ್ಟೆಯಿಂದ ಮುಖ ಎತ್ತದೆ ಹೇಳಿದಳು: "ಮಾತುಕತೆ ನಡೀತಿತ್ತು. ಅಮೆರಿಕದವರು ಎಣ್ಣೆ ನಿಲ್ಸಿದ್ರು, ಜಪಾನಿನವರಿಗೆ ಎಣ್ಣೆ ಬೇಕಿತ್ತು. ರಾಯಭಾರಿಗಳು ಅಲ್ಲಿ ಚಹಾ ಕುಡೀತಿದ್ರು, ಅತ್ತ ಹಡಗು ಹೊರಟಾಗಿತ್ತು. ನೂರು ಸಲ ಹೇಳಿದ್ದೀಯ ಅಪ್ಪ."

"ಅದೇ. ಬಾಯಲ್ಲಿ ಸಂಧಾನ, ಕೈಯಲ್ಲಿ ಬಾಂಬು."

"ನಿನ್ನ ಯುದ್ಧದಲ್ಲಿ ಯಾರೂ ಊಟಾನೇ ಮಾಡಲ್ವೇನೋ ಅಳಿಯಾ?" ಎಂದಳು ಮೂಲೆಯಲ್ಲಿ ಕೂತಿದ್ದ ಅತ್ತೆ ದೊಮಿತಿಲಾ. ಅವಳು ಜಸ್ಟಿನಾಳ ತಾಯಿ. ಯುದ್ಧ ಬಂದಾಗ ಮೊಲೆ ಮೂಡದ ಹುಡುಗಿ. "ಬರೀ ಹಡಗು, ಬರೀ ಮಂತ್ರಿ. ನಮ್ಮ ಹೊಲದ ಕೆಸುವಿನ ಗೆಡ್ಡೇನ ತಿಂದೋರು ಯಾರು, ಆ ಪಾಠ ಯಾವತ್ತು?"

"ಬರುತ್ತೆ ಅತ್ತೆ, ಅದೂ ಬರುತ್ತೆ. ಬರೋ ತಿಂಗಳು ಜಪಾನಿನವರೇ ಬರ್ತಾರೆ. ಸತ್ತ ಸಿಪಾಯಿಗಳ ಮನೆಯೋರು. ಐವತ್ತು ವರ್ಷ ಆಯ್ತಲ್ಲ." ಜೆನೇಸಿಯೊ ಗಂಟಲು ಸರಿಮಾಡಿಕೊಂಡ. "ಒಂದು ಕಲ್ಲು ನಿಲ್ಲಿಸ್ಬೇಕಂತೆ. ನಾನು ಭೂಶಿರದ ಹತ್ರ ಒಂದಿಷ್ಟು ಸಿಮೆಂಟು ಹಾಕಿ ಕಟ್ಟೆ ಮಾಡಿದ್ದೀನಿ."

ಜಸ್ಟಿನಾಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಸಿಮೆಂಟಾ? ಅಣ್ಣನ್ನ ಕೇಳಿದ್ಯಾ?"

"ಕೇಳೋಕೇನಿದೆ? ಕಟ್ಟೆ ಅಂದ್ರೆ ದೊಡ್ಡ ಕಟ್ಟೆ ಅಲ್ಲ. ಅಡಿಪಾಯ ಅಷ್ಟೆ."

"ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು," ಎಂದು ದೊಮಿತಿಲಾ ಅಡಿಕೆಗೆ ಸುಣ್ಣ ಹಚ್ಚಿದಳು.

ಯಾರೂ ನಗಲಿಲ್ಲ. ಈ ದ್ವೀಪದಲ್ಲಿ ನೆಲ ತಾಯಿಯಿಂದ ಮಗಳಿಗೆ ಹೋಗುತ್ತದೆ. ಗಂಡಸರು ಆ ನೆಲದ ಪರವಾಗಿ ಮಾತನಾಡುತ್ತಾರೆ, ಅಷ್ಟೆ. ಹೊರಗಿನಿಂದ ಬಂದ ಅಳಿಯ ಗೆಣಸು ನೆಡಬಹುದು, ಮರಗೆಣಸು ನೆಡಬಹುದು, ಸೋಗೆಯ ಮನೆ ಕಟ್ಟಬಹುದು. ಮಳೆಗೆ ಕರಗಿ ಹೋಗುವುದೆಲ್ಲ ಮಾಡಬಹುದು. ತೆಂಗು ನೆಟ್ಟರೆ, ಸಿಮೆಂಟು ಹಾಕಿದರೆ ಅದು 'ಇದು ನನ್ನದು' ಎಂದು ಬಾಯಿಬಿಟ್ಟು ಹೇಳಿದ ಹಾಗೆ. ಇದು ಮೂರು ವರ್ಷದ ಮಗುವಿಗೂ ಗೊತ್ತಿರುವ ಮಾತು. ಇಪ್ಪತ್ತು ವರ್ಷದಿಂದ ಈ ಊರಲ್ಲಿ ಉಂಡು ಮಲಗಿದ ಮೇಷ್ಟ್ರಿಗೆ ಗೊತ್ತಿಲ್ಲದೆ ಇರಲು ಸಾಧ್ಯವೇ ಇರಲಿಲ್ಲ. ಕಲ್ಲಿನ ಆಸೆಗೆ ಬಿದ್ದು ಮರೆತಿದ್ದ, ಅಥವಾ ಮರೆತವನಂತೆ ಇದ್ದ.

ಮರುದಿನ ಬೆಳಿಗ್ಗೆ ಜಸ್ಟಿನಾಳ ಅಣ್ಣ ಲಿಯೋನೆ ಬಂದ. ಮನೆಯೊಳಗೆ ಕಾಲಿಡಲಿಲ್ಲ. ಅಂಗಳದಲ್ಲಿ ನಿಂತು, ತಂಗಿಯ ಕಡೆಗೆ ಮುಖ ಮಾಡದೆ, ಭಾವನ ಜೊತೆ ಮಾತಿಗೆ ಶುರು ಮಾಡಿದ. ಲಿಯೋನೆ ದನಿ ಏರಿಸುವವನಲ್ಲ. ಅವನ ಮಾತು ತಗ್ಗಿದಷ್ಟೂ ಎದುರಿದ್ದವರಿಗೆ ಭಯ ಹೆಚ್ಚು.

"ಭಾವ, ಭೂಶಿರದಲ್ಲಿ ಏನೋ ಬೆಳ್ಳಗೆ ಕಾಣ್ತಿದೆ."

"ಸತ್ತೋರಿಗೆ ಒಂದು ಕಲ್ಲು ಭಾವ. ಪುಣ್ಯದ ಕೆಲಸ."

"ಪುಣ್ಯ ಯಾರ ನೆಲದಲ್ಲಿ?"

"ನಿಮ್ಮದೇ. ನಾನೇನು ಹೊತ್ಕೊಂಡು ಹೋಗ್ತೀನಾ?"

"ಕ್ರಿಸ್‌ಮಸ್‌ಗೆ ಮುಂಚೆ ಇಬ್ಬರು ಜಪಾನಿನವರು ಜಾಗ ನೋಡೋಕೆ ಬಂದಿದ್ರಲ್ಲ, ದೋಣಿ ಬಿಟ್ಟೋನು ನನ್ನ ಮಗ. ಅವರ ಮುಂದೆ ನೀನು 'ಇದು ನನ್ನ ಜಾಗ' ಅಂದ್ಯಂತೆ."

ಜೆನೇಸಿಯೊನ ಮುಖ ಕಪ್ಪಿಟ್ಟಿತು. ಅವನು ಹಾಗೆ ಹೇಳಿದ್ದು ನಿಜ. ವಿದೇಶದವರ ಮುಂದೆ 'ನನ್ನ ಹೆಂಡತಿಯ ಅಮ್ಮನ ಮನೆತನದ ಜಾಗ, ಮಾತಾಡುವವನು ಅವಳ ಅಣ್ಣ' ಎಂದೆಲ್ಲ ಬಿಡಿಸಿ ಹೇಳಲು ನಾಚಿಕೆಯಾಗಿತ್ತು. ಸಿಕ್ಕಿಬಿದ್ದ ಮನುಷ್ಯ ಮಾಡುವ ಕೆಲಸವನ್ನೇ ಅವನೂ ಮಾಡಿದ. ಸಿಟ್ಟಾದ. ಸಿಟ್ಟಿನಲ್ಲಿ ಒಂದು ಮಾತು ಬೈದುಬಿಟ್ಟ.

ಆ ಮಾತು ಇಲ್ಲಿ ಬರೆಯುವಂಥದ್ದಲ್ಲ. ಗಂಡಸರು ಮೀನು ಹಿಡಿಯಲು ಹೋದಾಗ ದಿನಕ್ಕೆ ಹತ್ತು ಸಲ ಆಡುವ ಮಾತೇ. ಆದರೆ ಅಣ್ಣ ತಂಗಿ ಇಬ್ಬರೂ ಕೇಳುವ ಹಾಗೆ ಆಡುವ ಮಾತಲ್ಲ. ಹಾಗೆ ಆಡಿದರೆ ಅಣ್ಣ ತಂಗಿಯ ನಡುವಿನ ಮರ್ಯಾದೆಗೆ ಕೊಡಲಿ ಹಾಕಿದಂತೆ. ಜಸ್ಟಿನಾ ಸೆರಗಿಲ್ಲದ ಅಂಗಿಯ ತುದಿಯನ್ನೇ ಮುಖಕ್ಕೆ ಒತ್ತಿಕೊಂಡು ಅಡಿಗೆಮನೆಗೆ ಓಡಿದಳು. ಲಿಯೋನೆ ತಿರುಗಿ ಹೋದ. ಅಂದಿನಿಂದ ಅವನು ತಂಗಿಯ ಮನೆಯ ನೀರನ್ನೂ ಮುಟ್ಟಲಿಲ್ಲ.

ಸಂಜೆಗೆ ಅವನು ಹೇಳಿ ಕಳಿಸಿದ. ಬೈಗುಳಕ್ಕೆ ಪರಿಹಾರ ಕೊಡಬೇಕು, ಸಿಮೆಂಟು ಒಡೆಯಬೇಕು. ಇಲ್ಲದಿದ್ದರೆ ಮೇಷ್ಟ್ರು ತನ್ನ ಟೋಪಿಗಳನ್ನು ಹೊತ್ತುಕೊಂಡು ತಸಿಂಬೊಕೊದಲ್ಲಿರುವ ತನ್ನ ತಾಯಿಯ ಊರಿಗೆ ಹೋಗಬೇಕು. ಹೆಂಡತಿ ಮಗಳು ಇಲ್ಲೇ ಇರುತ್ತಾರೆ.

ಮೊದಲ ವಾರ ಜಸ್ಟಿನಾಳಿಗೆ ಮನೆ ನಡೆಸುವುದೇ ಕಷ್ಟವಾಯಿತು. ಲಿಯೋನೆಯ ಮಕ್ಕಳು ದಿನಾ ತಂದುಕೊಡುತ್ತಿದ್ದ ಮೀನು ನಿಂತಿತು. ಒಲೆಯ ಮೇಲೆ ಡಬ್ಬಿ ಮೀನೇ ಗತಿಯಾಯಿತು. ನಲ್ಲಿಯ ಹತ್ತಿರ ಅತ್ತಿಗೆ ಇವಳ ಬಿಂದಿಗೆ ಕಂಡರೆ ತನ್ನದನ್ನು ಎತ್ತಿಕೊಂಡು ದೂರ ಸರಿಯುತ್ತಿದ್ದಳು. ಅತ್ತಿಗೆಯ ತಂಗಿಯ ಗಂಡ ಚಪ್ಪರದ ಸೋಗೆ ಬದಲಿಸಲು ಬರುತ್ತೇನೆಂದವನು ಬರಲಿಲ್ಲ. ಅದನ್ನು ಕಂಡು ಶಾಲೆಯ ಇನ್ನೊಬ್ಬ ಮೇಷ್ಟ್ರು ಜೆನೇಸಿಯೊನ ಪಕ್ಷ ಹಿಡಿದು, ಬರದೆ ಹೋದವನ ಜೊತೆ ಜಗಳಕ್ಕೆ ನಿಂತ. ಸಿಮೆಂಟನ್ನು ಕಣ್ಣಿನಿಂದಲೂ ನೋಡದವರು ಪರಸ್ಪರ ಮಾತು ಬಿಟ್ಟರು.

"ಇದೇ ಅಪ್ಪ ನೀನು ಹೇಳೋದು," ಎಂದಳು ಫೆಲಿಸಿಯಾ ಗೆಣಸಿನ ಸಿಪ್ಪೆ ತೆಗೆಯುತ್ತ. "ಇವನಿಗೆ ಅವನು ದೋಸ್ತಿ, ಅವನಿಗೆ ಇನ್ನೊಬ್ಬ ದೋಸ್ತಿ. ಒಬ್ಬ ಬೈದ, ಅರ್ಧ ಊರು ಯುದ್ಧಕ್ಕಿಳೀತು."

"ನಿನಗೆ ತಮಾಷೆ."

"ತಮಾಷೆ ಅಲ್ಲ. ಇನ್ನು ನಮ್ಮ ಮನೆ ನಾಯಿ, ಮಾವನ ಮನೆ ನಾಯಿ ಉಳಿದಿವೆ. ಅವೂ ಯಾವ ಕಡೆ ಅಂತ ಹೇಳ್ಬಿಡ್ಲಿ."

ಜಸ್ಟಿನಾಳಿಗೆ ನಗು ಬಂದರೂ ನುಂಗಿಕೊಂಡಳು. ಗಂಡನ ಮೇಲೆ ಸಿಟ್ಟಿತ್ತು, ನಿಜ. ಆದರೆ ಅವನು ಹೋಗಿಬಿಟ್ಟರೆ ಈ ಮನೆಯಲ್ಲಿ ಊಟದ ಹೊತ್ತು ಎಷ್ಟು ಮೌನವಾಗಿರುತ್ತದೆ ಎಂದೂ ಯೋಚಿಸುತ್ತಿದ್ದಳು. ಅವನಿಗೆ ದುಡ್ಡಿನ ಆಸೆಯಿಲ್ಲ, ಕುಡಿತವಿಲ್ಲ. ಹಳೇ ಯುದ್ಧದ ಹುಚ್ಚು ಒಂದೇ. ಅಂಥ ಗಂಡನನ್ನು ಒಂದು ಮೂಟೆ ಸಿಮೆಂಟಿಗೆ ಕಳೆದುಕೊಳ್ಳುವುದೇ?

ಅವಳೇ ಹೋಗಿ ಚರ್ಚಿನ ಉಪದೇಶಿ ಅಲ್ಫೊನ್ಸೊನ ಕಾಲು ಹಿಡಿದಳು. ಎರಡೂ ಕಡೆಗೆ ಸಲ್ಲುವ ಮನುಷ್ಯ ಅವನು. ಒಂದು ಮಧ್ಯಾಹ್ನ ಅಲ್ಫೊನ್ಸೊ, ದೊಮಿತಿಲಾ ಇಬ್ಬರೂ ಲಿಯೋನೆಯ ಮನೆಯ ಜಗಲಿಯಲ್ಲಿ ಕೂತು ಮಾತಾಡಿದರು. ಜೆನೇಸಿಯೊ ಶಾಲೆಯ ಕೆಲಸವಿದೆ ಎಂದು ಬರಲಿಲ್ಲ. ಮಾತು ಚೆನ್ನಾಗಿಯೇ ಸಾಗಿತು. ಒಂದು ಹಂದಿ, ಇಲ್ಲಿ ಹಣದಂತೆ ನಡೆಯುವ ಚಿಪ್ಪಿನ ಸರ ಕೊಟ್ಟು ಬೈಗುಳವನ್ನು ತೊಳೆದುಕೊಳ್ಳಲಿ. ಸಿಮೆಂಟಿನ ವಿಷಯ ಜಪಾನಿನವರು ಬಂದು ಹೋದ ಮೇಲೆ ನೋಡೋಣ ಎಂಬಲ್ಲಿಗೆ ಲಿಯೋನೆ ಇಳಿದು ಬಂದಿದ್ದ. ಸುದ್ದಿ ಕೇಳಿದ ಸಂತೋಷಕ್ಕೆ ಜಸ್ಟಿನಾ ಅಂದು ಗೆಣಸಿನ ಬದಲು ಅನ್ನ ಮಾಡಿದಳು.

ಬೆಳಿಗ್ಗೆ ಸೌದೆಗೆಂದು ತಾಯಿ ಮಗಳು ಭೂಶಿರದ ಕಡೆ ಹೋದರು. ಕಟ್ಟೆಯ ಮೇಲೆ ಇನ್ನೊಂದು ಪದರ ಸಿಮೆಂಟು ಬಿದ್ದಿತ್ತು, ಇನ್ನೂ ಹಸಿ. ನಡುವೆ ಕಲ್ಲು ನಿಲ್ಲಿಸಲು ಗುಂಡಿ ಬಿಟ್ಟಿತ್ತು. ಅಂಚಿನಲ್ಲಿ ಯಾರದೋ ನಾಯಿಯ ಹೆಜ್ಜೆ ಮೂಡಿತ್ತು.

ಫೆಲಿಸಿಯಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಿನ್ನೆ ಮಧ್ಯಾಹ್ನ ಹಾಕಿದ್ದು ಅವ್ವ. ಅಲ್ಲಿ ಅಲ್ಫೊನ್ಸೊ ಮಾಮ ಚಹಾ ಕುಡೀತಿದ್ದಾಗ."

ಜಸ್ಟಿನಾ ಸೌದೆ ಆರಿಸದೆ ಮನೆಗೆ ಬಂದಳು. ಜೆನೇಸಿಯೊ ಟೋಪಿಗಳ ಧೂಳು ಒರೆಸುತ್ತಿದ್ದ.

"ಶಾಲೆ ಕೆಲಸ ಮುಗೀತಾ?"

ಅವನು ಅವಳ ಮುಖ ನೋಡಿದವನೇ ಬಟ್ಟೆ ಕೆಳಗಿಟ್ಟ. "ಅವರು ಬರೋಕೆ ಮುಂಚೆ ಒಣಗ್ಬೇಕಿತ್ತು. ಒಂದು ಸಲ ಕಟ್ಟಿದ್ದನ್ನ ಯಾರೂ ಒಡೆಯಲ್ಲ ಅಂತ..."

"ಅಂತ ಲೆಕ್ಕ ಹಾಕಿದೆ. ಮಕ್ಕಳಿಗೆ ಪಾಠ ಹೇಳೋನು. ಜಪಾನಿನವರು ಮಾಡಿದ್ದು ಮೋಸ ಅಂತ ಎದೆ ತಟ್ಕೊಂಡು ಹೇಳೋನು."

"ಜಸ್ಟಿನಾ, ಕೇಳು..."

"ನಾನು ಅಲ್ಫೊನ್ಸೊನ ಕಾಲು ಹಿಡಿದು ನಿನಗೋಸ್ಕರ ಬೇಡ್ಕೊಂಡೆ. ನೀನು ನನ್ನ ಬೆನ್ನ ಹಿಂದೆ ಬಾಂಡ್ಲಿ ಹೊತ್ತೆ. ಒಡೀತೀಯೋ, ತಸಿಂಬೊಕೊಗೆ ಹೋಗ್ತೀಯೋ, ನೀನೇ ನೋಡು. ನಾನು ಅವ್ವನ ಗುಡಿಸಲಲ್ಲಿರ್ತೀನಿ."

ಚಾಪೆ ಸುತ್ತಿಕೊಂಡು, ಮಗಳನ್ನೂ ಕರೆದುಕೊಂಡು ಅವಳು ಹೊರಟೇಬಿಟ್ಟಳು. ದೊಮಿತಿಲಾಳ ಗುಡಿಸಲು ಅದೇ ಅಂಗಳದ ಆಚೆ ತುದಿಯಲ್ಲಿತ್ತು. ಅಷ್ಟು ಹತ್ತಿರ ಹೋದರೂ ಹೋದದ್ದು ಹೋದದ್ದೇ.

ಜೆನೇಸಿಯೊ ತನ್ನ ಅಡಿಗೆ ತಾನೇ ಮಾಡಿಕೊಳ್ಳತೊಡಗಿದ. ಅನ್ನ ತಳ ಹಿಡಿಯಿತು, ಗೆಣಸು ಬೇಯಲಿಲ್ಲ. ಕೆಲವು ದಿನ ಯಾರೂ ಅವನ ಹತ್ತಿರ ಸುಳಿಯಲಿಲ್ಲ. ಆಮೇಲೊಂದು ದಿನ ಮಳೆ ಹನಿಯುವಾಗ ದೊಮಿತಿಲಾ ಎದ್ದು ಅವನ ಒಲೆಯ ಮುಂದೆ ಹೋಗಿ ಕೂತಳು. ಜಸ್ಟಿನಾ ತಾಯಿಯ ಹಿಂದೆಯೇ ಬಂದು ಆ ಅಡಿಗೆಮನೆಯ ಸೋಗೆ ಗೋಡೆಯ ಈಚೆ, ಸೂರಿನಡಿ ಕೂತು ಚಾಪೆ ಹೆಣೆಯುತ್ತಿದ್ದಳು. ಎಲ್ಲ ಮಾತೂ ಕೇಳಿಸುತ್ತಿತ್ತು.

"ಇದೇನು ಅಳಿಯಾ, ಅನ್ನವಾ, ಗುಂಡಾ?"

"ತಿನ್ಬೇಡಿ ಅತ್ತೆ, ಹಲ್ಲು ಹೋಗುತ್ತೆ."

"ಇರೋದೇ ನಾಲ್ಕು. ಹೋದ್ರೆ ಹೋಗ್ಲಿ." ಅವಳು ಅಗಿಯುವ ಸದ್ದಾಯಿತು. "ಆ ಜಪಾನಿನ ಹುಡುಗರು ಕೊನೆಗೆ ಇದನ್ನೂ ಕಂಡಿರಲಿಲ್ಲ. ಮರದ ತೊಗಟೆ ತಿಂತಿದ್ರು. ನಮ್ಮವ್ವನ ಹೊಲ ಬಗೆದು ಹಸಿ ಗೆಡ್ಡೇನೇ ಕಚ್ಚಿ, ಬಾಯಿ ತುರಿಸಿ ಅಳ್ತಿದ್ರು. ಅವ್ವನಿಗೆ ಸಿಟ್ಟೂ ಬಂತು, ಕರುಳೂ ಕಿತ್ತು ಬಂತು. ನಾನು ಮರದ ಮೇಲಿಂದ ನೋಡಿದ್ದೀನಿ."

"ಅದಕ್ಕೇ ಅತ್ತೆ ಕಲ್ಲು. ಮೂರು ರಾತ್ರಿ ಅವರ ಹಡಗು ಬಂದು ಸಾವಿರಾರು ಜನಾನ ಇಲ್ಲಿಂದಲೇ ಕರ್ಕೊಂಡು ಹೋಯ್ತು. ಅಮೆರಿಕದವರು ಹೊಸ ದಂಡು ಇಳೀತಿದೆ ಅಂದ್ಕೊಂಡ್ರು. ಬಿಟ್ಟು ಹೋಗ್ತಿದ್ದಾರೆ ಅಂತ ತಿಳೀಲೇ ಇಲ್ಲ. ಇಂಥ ಜಾಗದಲ್ಲಿ ಒಂದು ಗುರುತು ಬೇಡ್ವಾ?"

"ಕೇಳು. ಮೊದಲು ಬ್ರಿಟಿಷರು ಬಂದ್ರು. ಒಂದು ಕಂಬ ನೆಟ್ಟು ಬಟ್ಟೆ ಹಾರಿಸಿ ನಮ್ದು ಅಂದ್ರು. ಆಮೇಲೆ ಜಪಾನಿನವರು, ಅವರದೊಂದು ಬಟ್ಟೆ. ಆಮೇಲೆ ಅಮೆರಿಕದವರು, ಅವರದೊಂದು. ಒಬ್ಬನಾದ್ರೂ ನಮ್ಮವ್ವನ್ನ 'ಇಲ್ಲಿ ನೆಡಲಾ ತಾಯಿ' ಅಂತ ಕೇಳಲಿಲ್ಲ." ಮುದುಕಿ ತಟ್ಟೆ ಕೆಳಗಿಟ್ಟಳು. "ನಾಲ್ಕನೆಯೋನು ನೀನು."

ಆಚೆ ಒಲೆಯ ಕೊಳ್ಳಿ ಸರಿಸುವ ಸದ್ದಾಯಿತು. ಜಸ್ಟಿನಾಳ ಕೈಯಲ್ಲಿದ್ದ ಎಳೆ ತಪ್ಪಿತು. ಅವನ ಮುಖ ಹೇಗಾಗಿರಬಹುದು ಎಂದು ಅವಳಿಗೆ ಗೊತ್ತಿತ್ತು. ಎದ್ದು ಅವನ ಹತ್ತಿರ ಹೋಗಬೇಕೆನಿಸಿತು. ಹೋಗಲಿಲ್ಲ.

ಮರುದಿನ ಶಾಲೆ ಬಿಟ್ಟ ಮೇಲೆ ಜೆನೇಸಿಯೊ ಹಾರೆ ಹಿಡಿದು ಭೂಶಿರಕ್ಕೆ ಹೋದ. ಒಡೆಯುವುದು ಹಾಕಿದಷ್ಟು ಸುಲಭವಿರಲಿಲ್ಲ. ಕೈ ಬೊಬ್ಬೆ ಬಂತು. ಅವನದೇ ಶಾಲೆಯ ಮಕ್ಕಳು ಸಾಲಾಗಿ ಕೂತು, ಮೇಷ್ಟ್ರು ಸಿಮೆಂಟಿಗೆ ಹಾಕುವ ಪ್ರತಿ ಏಟಿಗೂ ಹೋ ಎಂದರು. ಲಿಯೋನೆ ದೂರದಲ್ಲಿ ದೋಣಿಗೆ ಅಂಟು ಹಚ್ಚುತ್ತ, ನೋಡದವನ ಹಾಗೆ ನೋಡುತ್ತಿದ್ದ. ವಾರ ಕಳೆಯುವಷ್ಟರಲ್ಲಿ ಅಲ್ಲಿ ಮಣ್ಣು ಕಂಡಿತು. ಆ ಸಂಜೆ ಜಸ್ಟಿನಾ ಗುಡಿಸಲಿನಿಂದಲೇ ಮಗಳ ಕೈಯಲ್ಲಿ ಒಂದು ತಟ್ಟೆ ಬಿಸಿ ಅಡಿಗೆ, ಬೊಬ್ಬೆಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಕಳಿಸಿದಳು.

"ಅವ್ವ ಇನ್ನೂ ಸಿಟ್ಟಲ್ಲಿದ್ದಾಳೆ ಅಂತ ಹೇಳು ಅಂದ್ಲು," ಎಂದಳಂತೆ ಫೆಲಿಸಿಯಾ.

"ಎಣ್ಣೆ ನೋಡಿದ್ರೇ ಗೊತ್ತಾಗುತ್ತೆ," ಎಂದನಂತೆ ಅವನು.

ಹಂದಿ, ಚಿಪ್ಪಿನ ಸರ, ಗೆಡ್ಡೆಗಳ ರಾಶಿ ಎಲ್ಲ ಹೊತ್ತು ಜೆನೇಸಿಯೊನ ಕಡೆಯವರು ತಸಿಂಬೊಕೊದಿಂದ ಬಂದರು. ಲಿಯೋನೆ ಹಂದಿಯ ಬೆನ್ನು ಮುಟ್ಟಿ ಪರಿಹಾರ ಒಪ್ಪಿಕೊಂಡ. ಎಲ್ಲರೂ ನಿಟ್ಟುಸಿರು ಬಿಡುವಾಗ ಅವನು ತಗ್ಗಿದ ದನಿಯಲ್ಲಿ ಮುಂದುವರಿಸಿದ:

"ಹಂದಿ ಬೈಗುಳಕ್ಕಾಯ್ತು. ಹಾರೆ ಸಿಮೆಂಟಿಗಾಯ್ತು. ಸುಳ್ಳಿಗೇನು?"

"ಯಾವ ಸುಳ್ಳು?" ಎಂದ ಅಲ್ಫೊನ್ಸೊ.

"ನನ್ನ ಜಾಗ ಅಂದದ್ದು. ಯಾರ ಮುಂದೆ ಹೇಳಿದ್ನೋ ಅವರ ಮುಂದೆಯೇ ವಾಪಸ್ ತಗೊಳ್ಲಿ. ಅಲ್ಲೀವರೆಗೆ ನಾನು ತಂಗಿ ಮನೇಲಿ ಉಣ್ಣಲ್ಲ. ಅವನು ಈ ಊರೋನು ಹೌದೋ ಅಲ್ವೋ ಅವತ್ತು ಹೇಳ್ತೀನಿ."

ಜೆನೇಸಿಯೊ ಆ ದಿನಗಳಲ್ಲಿ ಅರ್ಧ ಊಟ ಮಾಡಿದ. "ಜಪಾನಿನವರು ಎದ್ದು ಕಲ್ಲು ಇಡೋಕೆ ಪಕ್ಕದೂರಿಗೆ ಹೋದ್ರೆ?" ಎಂದು ಮಗಳ ಹತ್ತಿರ ಕೇಳಿದನಂತೆ. "ಇವನು ಸುಳ್ಳ ಅಂದ್ರೆ?"

"ಸುಳ್ಳ ಅಂತ ಅಂದ್ರೆ ನಿಜಾನೇ ಅಂದಂಗೆ ಅಲ್ವಾ ಅಪ್ಪ."

ಫೆಬ್ರವರಿಯ ಮೊದಲ ವಾರ ಜಪಾನಿನವರು ಬಂದರು. ಬಹುಪಾಲು ಮುದುಕರು. ಕ್ರಿಸ್‌ಮಸ್‌ಗೆ ಮುಂಚೆ ಬಂದಿದ್ದ ಇಬ್ಬರೂ ಅವರಲ್ಲಿದ್ದರು. ಬಿಸಿಲಿಗೆ ಬಿಳಿ ಟೋಪಿ, ಕೈಯಲ್ಲಿ ಹೂವು, ಊದುಬತ್ತಿ. ಇಡೀ ಊರು ಭೂಶಿರದಲ್ಲಿ ಸೇರಿತ್ತು. ಹೆಂಗಸರು ಕಾದ ಕಲ್ಲುಗಳ ಕಲ್ಲೊಲೆಯಲ್ಲಿ ಬೆಳಿಗ್ಗೆಯೇ ಮೀನು, ಗೆಣಸು ಇಟ್ಟು ಬಾಳೆಯೆಲೆ ಮುಚ್ಚಿದ್ದರು. ಗುಂಪಿನ ಹಿರಿಯ ಕುವಾಬಾರಾ ಎಂಬ ತೆಳ್ಳಗಿನ ಮುದುಕ. ಅವನು ಕಟ್ಟೆಯಿದ್ದ ಕಡೆ ಕೆದರಿದ ಮಣ್ಣು ನೋಡಿ, ಜೆನೇಸಿಯೊನನ್ನು ನೋಡಿದ.

ಜೆನೇಸಿಯೊ ಮುಂದೆ ಬಂದ. ಯಾವ ತಾರೀಖೂ ಅವನ ಬಾಯಿಗೆ ಬರಲಿಲ್ಲ. ಅವನು ಊರ ಮಾತಿನಲ್ಲೇ ಹೇಳಿದ, ಫೆಲಿಸಿಯಾ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು, ಅವರ ಜೊತೆ ಬಂದಿದ್ದ ಹೆಂಗಸು ಜಪಾನಿ ಭಾಷೆಗೆ.

"ಇಲ್ಲಿ ಕಟ್ಟೆ ಕಟ್ಟಿದ್ದೆ. ಒಡೆದೆ. ನನ್ನ ಜಾಗ ಅಂತ ನಿಮ್ಮೋರಿಗೆ ಹೇಳಿದ್ದು ಸುಳ್ಳು. ಈ ನೆಲ ನನ್ನ ಹೆಂಡ್ತಿ ಮನೆತನದ್ದು. ನಾನು ಈ ಮನೆಗೆ ಬಂದ ಅಳಿಯ. ನನಗೆ ಕೊಡೋ ಹಕ್ಕಿಲ್ಲ."

ಮಾತು ಒಂದು ಬಾಯಿಂದ ಇನ್ನೊಂದಕ್ಕೆ ದಾಟಿ ಹೋಗುವಾಗ ಜಸ್ಟಿನಾ ಗಂಡನ ಬೆನ್ನನ್ನೇ ನೋಡುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಅವನ ಮೇಲೆ ಇಷ್ಟು ಅಕ್ಕರೆ ಅವಳಿಗೆ ಯಾವತ್ತೂ ಹುಟ್ಟಿರಲಿಲ್ಲ.

ಕುವಾಬಾರಾ ಕೇಳಿಸಿಕೊಂಡ. ಟೋಪಿ ತೆಗೆದ. ತನ್ನ ಭಾಷೆಯಲ್ಲಿ ಮಾತಾಡಿದ. ಹೆಂಗಸು ಹೇಳಿದ್ದನ್ನು ಫೆಲಿಸಿಯಾ ಊರಿನವರಿಗೆ ಹೇಳಿದಳು.

"ಇವರೂ ಮನೆ ಅಳಿಯನಂತೆ. ಇಲ್ಲಿ ಸತ್ತಿದ್ದು ಇವರ ಹೆಂಡ್ತಿಯ ಅಣ್ಣ. ಆ ಮನೆಗೆ ಒಬ್ಬನೇ ಮಗ. ಅವನು ವಾಪಸ್ ಬರಲಿಲ್ಲ ಅಂತ ಮನೆ ಹೆಸರು ಉಳಿಸೋಕೆ ಇವರನ್ನ ಅಳಿಯ ಮಾಡ್ಕೊಂಡ್ರಂತೆ. ಅವನ ಮನೆ ಹೆಸರು ಇಟ್ಕೊಂಡು, ಅವನ ಗದ್ದೆ ಉತ್ತು, ಐವತ್ತು ವರ್ಷದಿಂದ ಅವನ ಪಾಲಿನ ಅನ್ನ ಉಣ್ತಿದ್ದೀನಿ, ಒಂದು ಸಲ ಬಂದು ಅವನನ್ನ ಕೇಳ್ಬೇಕಿತ್ತು ಅಂತಾರೆ. ಕಲ್ಲು ಇಡೋಕೆ ಯಾರನ್ನ ಕೇಳ್ಬೇಕು ಅಂತ ಹೇಳಿ, ಅವರನ್ನ ಕೇಳ್ತೀನಿ ಅಂತಾರೆ."

ಎಲ್ಲರ ಕಣ್ಣು ಲಿಯೋನೆಯ ಮೇಲೆ. ಅವನು ಭಾವನನ್ನು ನೋಡಿದ, ಆ ಮುದುಕನನ್ನು ನೋಡಿದ. ಹೆಂಡತಿಯ ಅಣ್ಣನ ಮುಂದೆ ನಿಂತ ಅಳಿಯಂದಿರು ಇಬ್ಬರೂ.

"ಇವನು ನಮ್ಮೂರೋನೇ," ಎಂದ ಕೊನೆಗೆ, ಜೆನೇಸಿಯೊನ ಹೆಗಲ ಮೇಲೆ ಕೈಯಿಟ್ಟು. "ಇನ್ನು ನೆಲದ ಮಾತು. ನಾನು ಬಾಯಿ ಮಾತ್ರ. ನೆಲ ಅವಳದ್ದು. ಅವಳನ್ನೇ ಕೇಳಿ."

ಅಣ್ಣನ ಎದುರು, ಇಷ್ಟು ಜನರ ಮುಂದೆ ಜಸ್ಟಿನಾ ಯಾವತ್ತೂ ಮಾತಾಡಿರಲಿಲ್ಲ. ತಾಯಿ ಬೆನ್ನಿಗೆ ಬೆರಳಿನಿಂದ ತಿವಿದಳು. ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಕಲ್ಲು ಬೇಡ," ಎಂದಳು.

ಫೆಲಿಸಿಯಾ ತಿರುಗಿಸಲು ಹಿಂದೆಮುಂದೆ ನೋಡಿದಳು. "ಹೇಳೇ," ಎಂದು ಜಸ್ಟಿನಾ ಮುಂದುವರಿಸಿದಳು. "ಕಲ್ಲು ಇಟ್ರೆ, ಅಲ್ಲಿ ಕಲ್ಲಿದೆಯಲ್ಲ ಅಂತ ಇವರು ಮನೇಲಿ ಕೂತ್ಬಿಡ್ತಾರೆ. ನಾಳೆ ಇವರ ಮಕ್ಕಳಿಗೆ ದಾರಿಯೇ ಮರೆತು ಹೋಗುತ್ತೆ. ಕಲ್ಲಿಲ್ಲದಿದ್ರೆ ಬರ್ಲೇಬೇಕು. ಬಂದು ಕೇಳ್ಲಿ, ನಾವು ಜಾಗ ತೋರಿಸ್ತೀವಿ, ಹೂವು ಇಡ್ಲಿ, ಉಂಡು ಹೋಗ್ಲಿ. ನಾನು ಹೋದ ಮೇಲೆ ಇವಳು ತೋರಿಸ್ತಾಳೆ, ಇವಳಾದ ಮೇಲೆ ಇವಳ ಮಗಳು. ಹಾಗಂತ ಹೇಳು."

ಮಾತು ದಾಟಿ ಹೋಯಿತು. ಕುವಾಬಾರಾ ಅವಳಿಗೆ ತಲೆಬಾಗಿದ. ಆಮೇಲೆ ಏನೋ ಹೇಳಿದ. ಅವನ ಗುಂಪಿನವರೆಲ್ಲ ಕಣ್ಣೀರು ಒರೆಸಿಕೊಳ್ಳುತ್ತಲೇ ನಕ್ಕರು.

"ಮುಂದಿನ ವರ್ಷ ಹೆಂಡ್ತೀನೂ ಕರ್ಕೊಂಡು ಬರ್ತಾರಂತೆ," ಎಂದಳು ಫೆಲಿಸಿಯಾ. "ಅಣ್ಣನ್ನ ನೋಡೋಕೆ. ಆದ್ರೆ ಅವರಿಗೆ ವಿಮಾನ ಅಂದ್ರೆ ಭಯವಂತೆ, ದಾರಿಯುದ್ದಕ್ಕೂ ಇವರನ್ನೇ ಬೈತಾರಂತೆ."

"ಬೈಯಲಿ," ಎಂದ ಲಿಯೋನೆ. "ನಮ್ಮಲ್ಲಿ ಬೈಗುಳಕ್ಕೆ ಒಂದು ಹಂದಿ."

ಜೆನೇಸಿಯೊ ಮೊದಲು ನಕ್ಕ. ಆಮೇಲೆ ಊರೇ ನಕ್ಕಿತು. ಜಸ್ಟಿನಾ ಕಲ್ಲೊಲೆಯ ಮೇಲಿನ ಬಾಳೆಯೆಲೆ ಸರಿಸಿ, ಮೊದಲ ಎಲೆಗೆ ಊಟ ಬಡಿಸಿ ಅಣ್ಣನ ಕೈಗೆ ಕೊಟ್ಟಳು. ಅವನು ಅಲ್ಲೇ ಮಣ್ಣಿನ ಮೇಲೆ ಕೂತು ಉಣ್ಣತೊಡಗಿದ.